ಮೂಡೆಗೆ ಚೌಕಾಸಿ ಬೇಡ ಮಾರಾಯ್ರೆ

ನಾರ್ವೆಯಲ್ಲಿ ಮದುವೆಗೆ, ಕ್ರಿಸ್‌ಮಸ್‌ಗೆ, ಮೇ 17ರ ರಾಷ್ಟ್ರೀಯ ದಿನಕ್ಕೆ ಕ್ರಾನ್ಸೆಕಾಕೆ ಅಂತ ಒಂದು ಕೇಕ್ ಮಾಡ್ತಾರೆ. ಬಾದಾಮಿ ಪುಡಿ, ಸಕ್ಕರೆ, ಮೊಟ್ಟೆಯ ಬಿಳಿ, ಇಷ್ಟೇ. ದೊಡ್ಡದರಿಂದ ಚಿಕ್ಕದಕ್ಕೆ ಸಾಮಾನ್ಯವಾಗಿ 18 ಬಳೆ ಪೇರಿಸಿದ್ರೆ ಗೋಪುರ ರೆಡಿ. ಬಳೆಯ ಅಚ್ಚುಗಳು ಲೋಹದವು, ಒಮ್ಮೆ ತಗೊಂಡ್ರೆ ವರ್ಷಗಟ್ಟಲೆ ಬರ್ತವೆ.

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಅಷ್ಟಮಿಗೆ ಮಾಡುವ ಮೂಡೆಗೂ ಅಚ್ಚು ಬೇಕು. ಆದ್ರೆ ಅದನ್ನು ಪ್ರತಿಸಲ ಹೊಸದಾಗಿ ಕೈಯಲ್ಲೇ ಮಾಡಬೇಕು. ಕೇದಗೆ ಜಾತಿಯ ಮುಂಡೇವು ಎಲೆಯ ಎರಡೂ ಅಂಚಿನ ಮುಳ್ಳು, ನಡುವಿನ ಮುಳ್ಳು ತೆಗೆಯಬೇಕು. ಬೆಂಕಿಗೆ ಹಿಡಿದು ಬಾಡಿಸಬೇಕು. ಸುತ್ತಿನ ಮೇಲೆ ಸುತ್ತು ಸ್ವಲ್ಪ ಏರುವ ಹಾಗೆ ಕೊಳವೆ ಸುತ್ತಿ ಕಡ್ಡಿ ಚುಚ್ಚಬೇಕು. ಅಂಟಿಲ್ಲ, ವೆಲ್ಡಿಂಗ್ ಇಲ್ಲ. ಆದರೂ ಉದ್ದು-ಅಕ್ಕಿಯ ಹಿಟ್ಟು ಹೊಯ್ದು ಹಬೆಯಲ್ಲಿಟ್ಟಾಗ ಸೋರಬಾರದು! ವರ್ಕ್‌ಶಾಪ್ ಲ್ಯಾಬಲ್ಲಿ ಶೀಟ್ ಮೆಟಲ್ ಜಾಬ್ ಮಾಡಿದವರಿಗೆ ಇದೆಷ್ಟು ಕಷ್ಟ ಅಂತ ಗೊತ್ತಾಗಬೇಕು.

ಹಬ್ಬದ ಮುಂಚೆ ಈ ಎಲೆಕೊಳವೆಗಳನ್ನು ಪೇಟೆಯಲ್ಲಿ ಮಾರ್ಲಿಕ್ಕೆ ಇಡ್ತಾರೆ. ಅಲ್ಲಿ ನಮ್ಮ ಚೌಕಾಸಿ ಶುರು: "ಬರೀ ಎಲೆಗೆ ಇಷ್ಟಾ?" ಹಾಸ್ಟೆಲ್ ಬರ್ತ್‌ಡೇಯಲ್ಲಿ ಅರ್ಧ ಕೇಕನ್ನು ಮುಖಕ್ಕೆ ಮೆತ್ತಿ ತೊಳೆಯುವವರು ನಾವೇ. ಬೇಕರಿ ಬಿಲ್ಲಿಗೆ ಮಾತ್ರ ಒಬ್ಬರೂ ಬಾಯಿ ತೆಗೆಯಲ್ಲ, ಪ್ರಿಂಟ್ ಆಗಿ ಬಂದಿರ್ತದಲ್ಲ.

ಸ್ಟೀಲ್ ಲೋಟದಲ್ಲಿ ಬೇಯಿಸಿದ್ರೆ ಸಾಲದಾ ಅಂತ ಕೇಳುವವರಿದ್ದಾರೆ. ಹಿಟ್ಟು ಬೇಯ್ತದೆ, ಎಲೆಯ ಪರಿಮಳ ಎಲ್ಲಿಂದ ಬರ್ಬೇಕು?

ಈ ಸಲ ಅಷ್ಟಮಿಗೆ ಮುಂಚೆ ನಮ್ಮ ಕನ್ನಡ ಸಂಘ ಮೂಡೆ ಕಟ್ಟುವ ಒಬ್ಬ ಅಕ್ಕನನ್ನು ಕರೆಸಿ ಅರ್ಧ ದಿನ ಕಲಿಸಲಿ. ಗೆಸ್ಟ್ ಲೆಕ್ಚರಿಗೆ ಕೊಡುವಷ್ಟೇ ಸಂಭಾವನೆ ಅವರಿಗೂ ಕೊಡಲಿ.