ಕಾಗದ ಉಳಿಯಿತು, ಲೆಕ್ಕ ಕೂಡಲಿಲ್ಲ

'ಕಾಗದ ಉಳಿಸಿ, ಮರ ಉಳಿಸಿ' ಅನ್ನೋ ಉಪದೇಶ ಈಗ ಎಲ್ಲೆಲ್ಲೂ ಪುಕ್ಕಟೆ ಸಿಗುತ್ತದೆ. ಕರೆಂಟ್ ಬಿಲ್ಲು, ಪಾಸ್‌ಬುಕ್ಕು, ಪೇಪರು ಎಲ್ಲವೂ ಫೋನಿನೊಳಗೆ. ಬ್ಯಾಂಕಿನಲ್ಲಿ ಡೆಬಿಟ್ಟು ಕ್ರೆಡಿಟ್ಟು ಬರೆದೇ ತಲೆ ನರೆತವನು ನಾನು. ಒಂದು ಕಡೆ ಕ್ರೆಡಿಟ್ ಬರೆದರೆ ಇನ್ನೊಂದು ಕಡೆ ಡೆಬಿಟ್ ಬರೆಯಲೇಬೇಕಲ್ಲ? ಉಳಿದ ಕಾಗದದ ಮಾತು ಎಲ್ಲರ ಬಾಯಲ್ಲೂ ಇದೆ; ಉರಿದ ಕಲ್ಲಿದ್ದಲಿನ ಮಾತು ಮಾತ್ರ ಆ ಉಪದೇಶದಲ್ಲಿ ಬರುವುದಿಲ್ಲ.

ನಾನಿರುವುದು ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ. ಊರಾಚೆ ಪರವಾಡದ ಹತ್ತಿರ ಎನ್‌ಟಿಪಿಸಿಯ ಸಿಂಹಾದ್ರಿ ಸ್ಥಾವರವಿದೆ, 2000 ಮೆಗಾವಾಟಿನದು. ಒಡಿಶಾದ ತಾಲ್ಚೇರ್ ಕಡೆಯಿಂದ ಅದಕ್ಕೆ ಕಲ್ಲಿದ್ದಲು ಬರುತ್ತದೆ. 2021ರಲ್ಲಿ ಅಲ್ಲಿನ ಜಲಾಶಯದ ಮೇಲೆ ತೇಲುವ ಸೌರಫಲಕ ಹಾಕಿದರು, 25 ಮೆಗಾವಾಟ್. ಸಂತೋಷವೇ. ಆದರೆ 2025ರ ಅಕ್ಟೋಬರಿನಲ್ಲಿ ಈ ಊರಿಗೆ ಗೂಗಲ್ ಘೋಷಿಸಿದ ಡೇಟಾ ಸೆಂಟರಿನ ಅಳತೆ ಗಿಗಾವಾಟಿನಲ್ಲಿದೆ. ಒಂದು ಗಿಗಾವಾಟ್ ಅಂದರೆ ಅರ್ಧ ಸಿಂಹಾದ್ರಿ! ಆ ಕರೆಂಟು ಎಲ್ಲಿಂದ, ನೀರು ಯಾರ ಪಾಲಿನದು? ನಮ್ಮ ಮನೆ ಬಿಲ್ಲಿನಷ್ಟೇ ಸ್ಪಷ್ಟವಾಗಿ ಅದನ್ನು ಜನರ ಮುಂದಿಡಬೇಕು. ಕನ್ನಡಿಗರಿಗೆ ಇದು ಹೊಸ ಪಾಠವಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಬೆಳಕು ದೂರದ ಊರುಗಳಿಗೆ, ಮುಳುಗಡೆ ಶರಾವತಿ ಕಣಿವೆಯವರಿಗೆ.

ಇನ್ನು ಓದಿಗೆ ಎಷ್ಟು ಕರೆಂಟು ಬೇಕು? 9 ವಾಟಿನ ಎಲ್‌ಇಡಿ ಬಲ್ಬು ದಿನಕ್ಕೆ ಮೂರು ಗಂಟೆ ಉರಿದರೆ ತಿಂಗಳಿಗೆ ಒಂದು ಯೂನಿಟ್ಟೂ ಆಗದು. ಫೋನೂ ಅಷ್ಟೇ ತಾನೆ ಅಂತೀರಿ. ನಿಜ. ಆದರೆ ಅದರ ಬೆನ್ನಿಗಿರುವ ಟವರು, ಸರ್ವರು, ಸರ್ವರನ್ನು ತಣ್ಣಗಿಡುವ ಯಂತ್ರ, ಇವು ಯಾವುವೂ ನಮ್ಮ ಮೀಟರಿನಲ್ಲಿ ತಿರುಗುವುದಿಲ್ಲ.

'ಅಪ್ಪಾ, ಇಲ್ಲಿ ಫೋನ್ ಬಿಟ್ಟರೆ ಕನ್ನಡ ಎಲ್ಲಿ ಸಿಗುತ್ತೆ?' ಅಂತಾನೆ ಮಗ. ಸಿಗುವ ಚಂದ ನೋಡಿ: ಚಂದಾ ಕಟ್ಟಿದ ಪೇಪರಿನ ಆಪ್‌ನಿಂದ ಒಟಿಪಿ ಬರುವಷ್ಟರಲ್ಲಿ ಕಾಫಿ ಆರಿರುತ್ತದೆ; ಲೇಖನದ ನಡುವೆ ಸೀರೆ ಜಾಹೀರಾತು. ಅದೂ ಕರೆಂಟಿದ್ದರೆ! 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಬಡಿದಾಗ ಈ ಊರು ದಿನಗಟ್ಟಲೆ ಕತ್ತಲಲ್ಲಿತ್ತು, ಟವರುಗಳು ಮಲಗಿದ್ದವು. ಆಗ ಹಗಲ ಬೆಳಕಿನಲ್ಲಿ ಓದಲು ಉಳಿದ ಕನ್ನಡ, ಕಪಾಟಿನಲ್ಲಿದ್ದದ್ದು ಮಾತ್ರ.

ಬಿಲ್ಲು ಬೇಕಾದರೆ ಫೋನಿಗೇ ಬರಲಿ, ನನ್ನ ತಕರಾರಿಲ್ಲ. ಪುಸ್ತಕವನ್ನೂ ಬಿಲ್ಲಿನ ಸಾಲಿಗೆ ಸೇರಿಸಬೇಡಿ. ಹೊರನಾಡಿನಲ್ಲಿ ಪುಸ್ತಕವೇ ನಮ್ಮ ತವರು. ಊರಿಂದ ಬರುವವರು ಮೈಸೂರು ಪಾಕಿನ ಜೊತೆ ಎರಡು ಪುಸ್ತಕ ತನ್ನಿ. ಚಾರ್ಜರ್ ಇಲ್ಲಿ ಸಿಗುತ್ತದೆ.