ಬೀಗಿತಿಯವರ ನುಡಿ

ಅರುವತ್ತು ದಾಟಿದ ಮೇಲೆ ಪರಭಾಷೆಯೊಂದನ್ನು ಕಲಿಯಹೊರಟವಳ ಪಾಡನ್ನು ಈ ತಿಂಗಳು ನಿಮ್ಮೊಡನೆ ಹೇಳಿಕೊಳ್ಳುವೆನು. ನನ್ನ ಕಿರಿಯ ಮಗನು ಕೊರಿಯಾ ದೇಶದ ಕನ್ಯೆಯನ್ನು ವರಿಸಿ ಬೂಸಾನ್ ನಗರದಲ್ಲಿ ನೆಲೆಸಿರುವನು. 2024ರಲ್ಲಿ ನಾನು ಮೊದಲ ಬಾರಿಗೆ ಅಲ್ಲಿಗೆ ಹೋದೆನು. ಸೇಜೊಂಗ್ ಮಹಾರಾಜನು 1446ರಲ್ಲಿ ಪ್ರಜೆಗಳಿಗಾಗಿ ಪ್ರಕಟಿಸಿದ ಅಕ್ಷರಗಳನ್ನು ಕಲಿತು, ನಿಘಂಟಿನಿಂದ ಐವತ್ತು ಶಬ್ದಗಳನ್ನು ಬಾಯಿಪಾಠ ಮಾಡಿ, ಸಾಕಷ್ಟು ಪಂಡಿತಳಾದೆನೆಂದೇ ನಂಬಿದ್ದೆನು.

ಮೊದಲನೆಯ ರಾತ್ರಿ ಬೀಗಿತಿಯವರು ತಾವು ಉಣ್ಣದೆ ನಮಗೇ ಬಡಿಸುತ್ತಿದ್ದುದನ್ನು ಕಂಡು, ಅಕ್ಕರೆಯಿಂದ "ಮಾನಿ ಮೊಗೊ" ಎಂದೆನು. ಮಗನು ತನ್ನ ಮಗುವಿಗೆ ಹೇಳುತ್ತಿದ್ದ ಮಾತದು. 'ಚೆನ್ನಾಗಿ ತಿನ್ನು' ಎಂದರ್ಥ. ಮೊಮ್ಮಗಳು ಕಿಲಕಿಲನೆ ನಕ್ಕಳು. ಸೊಸೆಯು ತಲೆ ತಗ್ಗಿಸಿದಳು. ನನಗಿಂತ ಹಿರಿಯರಾದ ಬೀಗಿತಿಯವರನ್ನು ನಾನು 'ತಿನ್ನೇ' ಎಂದು ಕರೆದಂತಾಗಿತ್ತು!

ಊಟವಾದ ಮೇಲೆ ಸೊಸೆಯು ನನ್ನ ಬಳಿ ಕುಳಿತು ಪಾಠವನ್ನು ಮೊದಲಿನಿಂದ ಆರಂಭಿಸಿದಳು. ನಿಘಂಟಿನಲ್ಲಿ ಕ್ರಿಯಾಪದಗಳೆಲ್ಲವೂ 'ದಾ' ಎಂದು ಮುಗಿಯುವುವು. 'ಗದಾ' ಎಂದರೆ ಹೋಗುವುದು (ಭೀಮಸೇನನ ಆಯುಧವಲ್ಲ), 'ಓದಾ' ಎಂದರೆ ಬರುವುದು, 'ಮೊಕ್ತಾ' ಎಂದರೆ ತಿನ್ನುವುದು. ಇಲ್ಲಿ 'ದಾ'ವು ಉಚ್ಚಾರದಲ್ಲಿ 'ತಾ' ಆಗಿದೆ. ಈ ಬಾಲವನ್ನು ಕತ್ತರಿಸಿದರೆ ಉಳಿಯುವುದೇ ಧಾತು. ಧಾತುವಿನ ಕೊನೆಯ ಸ್ವರವು 'ಅ' ಅಥವಾ 'ಓ' ಆಗಿದ್ದರೆ 'ಆಯೋ' ಎಂದೂ, ಉಳಿದೆಡೆ 'ಒಯೋ' ಎಂದೂ ಸೇರಿಸಿದರೆ ಮರ್ಯಾದೆಯ ಮಾತಾಗುವುದು: ಗಾಯೋ, ವಾಯೋ, ಮೊಗೊಯೋ. ನಾನು 'ಒ' ಎಂದು ಬರೆದಿರುವುದು ಬಾಯಿ ತೆರೆದು ನುಡಿಯುವ ಧ್ವನಿ. ಅದಕ್ಕೆ ನಮ್ಮಲ್ಲಿ ಅಕ್ಷರವಿಲ್ಲ. ನಾನು, ಅವನು, ಅವಳು, ಅವರು ಎಂಬ ಭೇದಕ್ಕೆ ಕ್ರಿಯಾಪದವು ಬದಲಾಗದು. ತಿನ್ನುತ್ತೇನೆ, ತಿನ್ನುತ್ತಾನೆ, ತಿನ್ನುತ್ತಾಳೆ ಎಂದು ಹೆಣಗಿ ಕನ್ನಡ ಕಲಿಯುತ್ತಿರುವ ಆ ಹುಡುಗಿಯ ಮೇಲೆ ನನಗೆ ಆಗ ಮರುಕ ಹುಟ್ಟಿತು. ಕ್ರಿಯಾಪದವು ವಾಕ್ಯದ ಕೊನೆಗೇ ಬರುವುದೊಂದು ನಮಗೆ ಸಹಾಯ.

ನಾನು ಹೆಚ್ಚಾಗಿ ಎಡವಿದ್ದು ಗುಣವಾಚಕಗಳಲ್ಲಿ. 'ಮೆಪ್ತಾ' ಎಂಬುದಕ್ಕೆ 'ಖಾರ' ಎಂದು ಬರೆದುಕೊಂಡು, ಅದರ ಮುಂದೆ 'ಆಗಿದೆ' ಎಂಬುದಕ್ಕೆ ಶಬ್ದವನ್ನು ಹುಡುಕುತ್ತಿದ್ದೆನು. ಅಂಥದೊಂದು ಬೇಕಾಗಿಯೇ ಇಲ್ಲ. 'ಮೆಪ್ತಾ' ಎಂದರೇನೇ 'ಖಾರವಾಗಿರುವುದು'. ಅದೂ ಕ್ರಿಯಾಪದದಂತೆಯೇ ರೂಪ ತಾಳುವುದು. ಮೊಗೊಯೋ, ತಿನ್ನುತ್ತೇನೆ, ಮೊಗೊಸ್ಸೊಯೋ, ತಿಂದೆನು. ಹಾಗೆಯೇ ಮೆವೊಯೋ, ಖಾರವಾಗಿದೆ, ಮೆವೊಸ್ಸೊಯೋ, ಖಾರವಾಗಿತ್ತು. ಇಂಥ ಕೆಲವು ಶಬ್ದಗಳಲ್ಲಿ ಸ್ವರದ ಮುಂದೆ 'ಪ'ಕಾರವು 'ವ'ಕಾರವಾಗುವುದು. ಚಳಿಯನ್ನು ಹೇಳುವ 'ಛುಪ್ತಾ' ಸಹ 'ಛುವೊಯೋ' ಆಗುವುದು. ನಾಮಪದದ ಹಿಂದೆ ನಿಂತಾಗ ಎರಡು ಜಾತಿಗಳೂ ಬೇರೆಯಾಗಿ ಕಾಣುವುವು: 'ಗನುನ್ ಸಾರಾಮ್' ಎಂದರೆ ಹೋಗುವ ಮನುಷ್ಯ, 'ಖುನ್ ಜಿಪ್' ಎಂದರೆ ದೊಡ್ಡ ಮನೆ. ಮೊದಲನೆಯದರಲ್ಲಿ 'ನುನ್', ಎರಡನೆಯದರಲ್ಲಿ ಬರಿಯ 'ನ್'.

"ಹಾಗಾದರೆ ಅಮ್ಮನವರಿಗೆ 'ಮೊಗೊಯೋ' ಎಂದಿದ್ದರೆ ಸರಿಯಾಗುತ್ತಿತ್ತೆ?" ಎಂದು ಕೇಳಿದೆನು. ಅದೂ ಸಾಲದಂತೆ. ಹಿರಿಯರ ವಿಷಯದಲ್ಲಿ ಕೆಲವು ಧಾತುಗಳೇ ಬೇರೆ. ನಾವು ಮಲಗಿದರೆ 'ಜಾಯೋ', ಹಿರಿಯರು ಮಲಗಿದರೆ 'ಜುಮುಸೆಯೋ'. ಅವರನ್ನು ಉಣ್ಣಿರೆಂದು ಉಪಚರಿಸುವಾಗ 'ದುಸೆಯೋ'. ಅಂದಿನಿಂದ ನಿಘಂಟಿನ ರೂಪವನ್ನು ಬಿಟ್ಟು, ಪ್ರತಿಯೊಂದು ಶಬ್ದವನ್ನೂ ಅದರ ಮರ್ಯಾದೆಯ ಬಾಲದೊಡನೆಯೇ ಕಲಿಯುತ್ತಿರುವೆನು. ಹೊಸದಾಗಿ ಕಲಿಯುವವರಿಗೆ ಇದೇ ಲೇಸೆಂದು ನನ್ನ ಅಭಿಪ್ರಾಯ.

ಮರುದಿನ ಬೆಳಗಿನ ಊಟಕ್ಕೆ ಕುಳಿತಾಗ, ಎದೆ ಡವಗುಟ್ಟುತ್ತಿದ್ದರೂ, "ಮಾನಿ ದುಸೆಯೋ" ಎಂದೆನು. ಬೀಗಿತಿಯವರು ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. ಬಳಿಕ ನನ್ನ ಪಕ್ಕದಲ್ಲಿಯೇ ಕುಳಿತು, ತಮ್ಮ ಕೈಯಾರೆ ಮಾಡಿದ ಕಿಮ್ಚಿಯನ್ನು ನನ್ನ ಅನ್ನದ ಮೇಲಿಟ್ಟರು. ಬಾಯಿಗಿಟ್ಟೊಡನೆ ಕಣ್ಣಲ್ಲಿ ನೀರೂರಿತು. "ಮೆವೊಯೋ!" ಎಂದೆನು. ಅವರು ನಗುತ್ತ ನೀರಿನ ಲೋಟವನ್ನು ನನ್ನೆಡೆಗೆ ಸರಿಸಿದರು.