ಕಡಲತಡಿಯ ಪಾನಕವೂ ನಮ್ಮ ಮರ್ಯಾದೆಯೂ

ಓದಿದ ಹುಡುಗನು ಕಡಲತಡಿಯಲ್ಲಿ ನಿಂತು ಶರಬತ್ತು ಮಾರುವುದು ಮನೆತನಕ್ಕೆ ಕುಂದು ಎಂಬ ಮಾತು ನಮ್ಮ ಉತ್ತರ ಕನ್ನಡ ಜಿಲ್ಲೆಯ ಸುಶಿಕ್ಷಿತ ಮನೆಗಳಲ್ಲಿ ಈಗಲೂ ಸಲೀಸಾಗಿ ಸಂಚರಿಸುತ್ತಿದೆ. ಪದವಿ ಪಡೆದ ತರುಣನು ಸರಕಾರೀ ನೌಕರಿಯ ಪರೀಕ್ಷೆಗಳಿಗಾಗಿ ನಾಲ್ಕು ವರುಷ, ಐದು ವರುಷ ಮನೆಯ ಮೂಲೆಯಲ್ಲಿ ಕುಳಿತರೆ ಅದು ತಪಸ್ಸು. ಅವನೇ ಗೋಕರ್ಣದಲ್ಲೋ ಮುರ್ಡೇಶ್ವರದಲ್ಲೋ ಕಾರವಾರದಲ್ಲೋ ಒಂದು ಗಾಡಿಯನ್ನಿಟ್ಟು ಮುರುಗಲಿನ ಪಾನಕವನ್ನು ಮಾರುವೆನೆಂದರೆ ಅದು ಪತನ. ಈ ತಪಸ್ಸಿಗೂ ಪತನಕ್ಕೂ ನಡುವೆ ಗೆರೆ ಎಳೆದವರು ಯಾರು, ಯಾವ ಪ್ರಮಾಣದಿಂದ ಎಳೆದರು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ವಿಷಯವು ಕ್ಷುದ್ರವೆಂದು ವಾಚಕರು ಪುಟ ಮಗುಚಬಾರದು. ತರುಣನೊಬ್ಬನ ಐದು ವರುಷಗಳು ಕ್ಷುದ್ರವಲ್ಲ.

ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಹೇಳಿ ಆಮೇಲೆ ಖಂಡಿಸಬೇಕೆಂಬುದು ಪಾಠಶಾಲೆಯಲ್ಲಿ ನಮಗೆ ಕಲಿಸಿದ ಕ್ರಮ. ಅಂತೆಯೇ ಮೊದಲು ಶಾಸ್ತ್ರಜ್ಞರ ಆಕ್ಷೇಪವನ್ನು ಎತ್ತಿಕೊಳ್ಳುತ್ತೇನೆ. ಮನುಸ್ಮೃತಿಯ ಹತ್ತನೆಯ ಅಧ್ಯಾಯದಲ್ಲಿ ಆಪತ್ಕಾಲದಲ್ಲಿ ವೈಶ್ಯವೃತ್ತಿಯನ್ನು ಹಿಡಿದ ಬ್ರಾಹ್ಮಣನು ಮಾರಬಾರದ ವಸ್ತುಗಳ ಪಟ್ಟಿಯೊಂದುಂಟು. ಅದರಲ್ಲಿ ನೀರೂ ಇದೆ, ರಸಗಳೂ ಇವೆ. ಆದುದರಿಂದ ಪಾನಕದ ವ್ಯಾಪಾರ ನಿಷಿದ್ಧವೆನ್ನುತ್ತಾರೆ. ಒಳ್ಳೆಯದು. ಆದರೆ ಪಟ್ಟಿಯು ಅಲ್ಲಿಗೆ ಮುಗಿಯುವುದಿಲ್ಲವಲ್ಲ! ಹಾಲು, ಮೊಸರು, ತುಪ್ಪ, ಜೇನು, ಎಣ್ಣೆ, ಬೆಲ್ಲ, ಉಪ್ಪು, ಹಣ್ಣು, ಗೆಡ್ಡೆ, ಔಷಧ, ಬೇಯಿಸಿದ ಅನ್ನ—ಎಲ್ಲವೂ ಅದರಲ್ಲಿಯೇ ಇವೆ. ದಿನ ಬೆಳಗಾದರೆ ಡೈರಿಗೆ ಹಾಲು ಹಾಕಿ ಚೀಟಿ ತರುವ ಮನೆ ಯಾವುದು? ಬಾಳೆಗೊನೆಯನ್ನು ತೂಕಕ್ಕೆ ಕೊಡುವ ಮನೆ ಯಾವುದು? ಪಟ್ಟಣದಲ್ಲಿ ಔಷಧದಂಗಡಿಯಿಟ್ಟ ಮಗನನ್ನು ಮದುವೆಯ ಮನೆಗಳಲ್ಲಿ ಮುಂದಿನ ಸಾಲಿಗೆ ಕರೆದು ಕೂರಿಸುವವರು ಯಾರು? ಊಟದ ಖಾನಾವಳಿಗಳನ್ನು ದೇಶಾಂತರಗಳಲ್ಲಿ ನಡೆಸಿ ಹೆಸರು ಗಳಿಸಿದ ಕರಾವಳಿಯವರನ್ನು ಕುರಿತು ನಾವು ಅಭಿಮಾನದಿಂದ ಮಾತಾಡುವುದಿಲ್ಲವೇ? ಒಂದೇ ಪಟ್ಟಿಯಲ್ಲಿ ಹಾಲನ್ನು ಬಿಟ್ಟು ನೀರನ್ನು ಮಾತ್ರ ಹಿಡಿಯುವವನು ಶಾಸ್ತ್ರವನ್ನು ಓದುತ್ತಿಲ್ಲ, ಶಾಸ್ತ್ರವನ್ನು ಆರಿಸುತ್ತಿದ್ದಾನೆ. ಮೇಲಾಗಿ ಆ ನಿಷೇಧವು ಒಂದೇ ವರ್ಣಕ್ಕೆ ಹೇಳಿದುದು. ಅದನ್ನು ಊರಿನ ಸಮಸ್ತ ಓದಿದ ಹುಡುಗರ ಮೇಲೆ ಹೊದಿಸಲು ಮನುವಿನ ಆಜ್ಞೆಯೂ ಇಲ್ಲ. ಇನ್ನು ಮೃಚ್ಛಕಟಿಕದ ಚಾರುದತ್ತನಾದರೋ ಬ್ರಾಹ್ಮಣನೂ ಹೌದು, ಸಾರ್ಥವಾಹನೂ ಹೌದು. ಉಜ್ಜಯಿನಿಯು ಅವನನ್ನು ಪೂಜಿಸಿತು, ವ್ಯಾಪಾರಿಯೆಂದು ದೂಡಲಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ನಯವಾದುದು. ಬಾಯಾರಿದವನಿಗೆ ನೀರು ಕೊಡುವುದು ಧರ್ಮ, ಅದಕ್ಕೆ ಬೆಲೆ ಕಟ್ಟುವುದು ಅಧರ್ಮವೆಂದು ಕೆಲವರು ಹೇಳುತ್ತಾರೆ. ಪ್ರಪಾ ಎಂದು ಸಂಸ್ಕೃತದಲ್ಲಿ, ಅರವಟ್ಟಿಗೆ ಎಂದು ಕನ್ನಡದಲ್ಲಿ ಹೆಸರುಳ್ಳ ಆ ದಾನದ ಬಗೆಗೆ ನನಗೂ ಆದರವುಂಟು. ರಾಮನವಮಿಯ ದಿನ ಪಾನಕ ಹಂಚುವ ನಮ್ಮ ಪದ್ಧತಿ ಉಳಿಯಲೇಬೇಕು. ಆದರೆ ವರುಷದ ಮಿಕ್ಕ ದಿನಗಳಲ್ಲಿ ಕಡಲತಡಿಯಲ್ಲಿ ಅರವಟ್ಟಿಗೆ ಇಟ್ಟವರು ಯಾರು? ಗಾಡಿಯವನು ಬರಿಯ ಕುಡಿಯುವ ನೀರನ್ನು ಕೇಳಿದವರಿಗೆ ಬಿಟ್ಟಿಯಾಗಿ ಕೊಡಲಿ, ಪಾನಕಕ್ಕೆ ಮಾತ್ರ ಹಣ ತೆಗೆದುಕೊಳ್ಳಲಿ. ಧರ್ಮವೂ ನಡೆಯಿತು, ಹೊಟ್ಟೆಯೂ ನಡೆಯಿತು.

ಈ ಎರಡೂ ವಾಸ್ತವವಾಗಿ ಮೇಲಿನ ಹೊದಿಕೆಗಳು. ಒಳಗಿರುವುದು ಬೇರೆ. ಬಿಸಿಲಿನಲ್ಲಿ ನಿಂತು ಕೈಯಿಂದ ಕೆಲಸ ಮಾಡಿ ಎಂಜಲು ಲೋಟ ತೊಳೆಯುವುದು ಕೀಳು ಎಂಬ ಭಾವನೆಯೇ ಒಳಗಿನದು. ಮೊಮ್ಮಕ್ಕಳೊಡನೆ ಸಮುದ್ರ ನೋಡಲು ಹೋದಾಗ ಅದೇ ಲೋಟದಿಂದ ಎರಡು ಬಾರಿ ಹಾಕಿಸಿಕೊಂಡು ಕುಡಿಯುವುದಕ್ಕೆ ಬಾರದ ಸಂಕೋಚವು, ಮನೆಯ ಹುಡುಗನು ಆ ಲೋಟವನ್ನು ತುಂಬುವಾಗ ಎಲ್ಲಿಂದ ಬರುತ್ತದೆ?

“ಅದರಲ್ಲಿ ವಿದ್ಯೆಗೆ ಎಡೆಯೆಲ್ಲಿ, ಇಷ್ಟಕ್ಕಾಗಿ ಕಾಲೇಜಿಗೆ ಕಳಿಸಬೇಕಾಗಿತ್ತೇ?” ಎಂಬವರಿಗೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸಬೇಕು. ಯಾವ ಪೂರ್ವಾಲೋಚನೆಯೂ ಇಲ್ಲದವನು ಮಾಡುವುದೇನು? ದೊಡ್ಡ ಕಂಪೆನಿಯ ಹೆಸರು ಬರೆದ ಶೀತಕಪೆಟ್ಟಿಗೆಯೊಂದನ್ನು ತಂದಿಟ್ಟು ಅದರಲ್ಲಿ ಆ ಕಂಪೆನಿಯ ಸೀಸೆಗಳನ್ನೇ ಜೋಡಿಸುತ್ತಾನೆ. 1977ರಲ್ಲಿ ಕೋಕಾಕೋಲಾ ಈ ದೇಶವನ್ನು ಬಿಟ್ಟುಹೋದಾಗ ನಮ್ಮವರೇ ಥಮ್ಸ್ ಅಪ್ ಎಂಬ ಪಾನೀಯವನ್ನು ಕಟ್ಟಿ ಬೆಳೆಸಿದರು. 1993ರಲ್ಲಿ ಅದು ಮರಳಿ ಬಂದ ವರುಷವೇ ಥಮ್ಸ್ ಅಪ್ಪನ್ನೂ ಲಿಮ್ಕಾವನ್ನೂ ಕೊಂಡುಕೊಂಡಿತು. ಅಂಥವರ ಮುಂದೆ ಗಾಡಿಯವನು ವ್ಯಾಪಾರಿಯಲ್ಲ, ಸೀಸೆ ಎತ್ತಿಕೊಡುವ ಕೈ ಮಾತ್ರ. ಸೀಸೆಯ ಮೇಲೆ ಗರಿಷ್ಠ ಬೆಲೆ ಅಚ್ಚಾಗಿರುತ್ತದೆ. ಅದಕ್ಕೆ ಮೀರಿ ತೆಗೆದುಕೊಳ್ಳುವಂತಿಲ್ಲ. ಸಿಕ್ಕುವ ಅಂತರ ಅಲ್ಪ. ಆಗ ತಂಪು ಮಾಡಿದ ಕೂಲಿಯೆಂದು ಐದು ರೂಪಾಯಿ ಹೆಚ್ಚಿಗೆ ಕೇಳುತ್ತಾನೆ, ಗಿರಾಕಿಯೊಡನೆ ಜಗಳವಾಗುತ್ತದೆ, ಊರಿಗೆ ಕೆಟ್ಟ ಹೆಸರು ಬರುತ್ತದೆ.

ಮುರುಗಲಿನ ಸಂಗತಿ ಹೀಗಲ್ಲ. ಸಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರಗಳ ಬೆಟ್ಟಗಳಲ್ಲಿ ಬೇಸಗೆಯಲ್ಲಿ ಹಣ್ಣಾಗಿ ಎಷ್ಟೋ ಕಡೆ ಮರದಡಿಯಲ್ಲಿಯೇ ಕೊಳೆಯುವ ಈ ಫಲವನ್ನು ದಕ್ಷಿಣದವರು ಪುನರ್ಪುಳಿ ಎನ್ನುತ್ತಾರೆ, ಕೊಂಕಣಿಗರು ಬಿರಿಂಡೆ ಎನ್ನುತ್ತಾರೆ, ನಮ್ಮ ವೈದ್ಯಗ್ರಂಥಗಳು ವೃಕ್ಷಾಮ್ಲವೆನ್ನುತ್ತವೆ. ಸಿಪ್ಪೆಯ ಬಟ್ಟಲುಗಳಲ್ಲಿ ಸಕ್ಕರೆ ತುಂಬಿ ಗಾಜಿನ ಭರಣಿಯಲ್ಲಿ ಬಿಸಿಲಿಗಿಟ್ಟರೆ ಕೆಲವೇ ದಿನಗಳಲ್ಲಿ ತಾನಾಗಿ ಕೆಂಪು ರಸ ಬಿಡುತ್ತದೆ. ಒಲೆ ಬೇಡ, ಬಣ್ಣ ಬೇಡ. ಬೀಜವು ವ್ಯರ್ಥವಾಗದು, ಅದರಿಂದ ಮುರುಗಲು ತುಪ್ಪ ಬರುತ್ತದೆ. ಹುಳಿಯಾದ ಕಾರಣ ತಾಮ್ರ ಹಿತ್ತಾಳೆಗಳಲ್ಲಿ ಇಡಬಾರದು. ಈ ವಿದ್ಯೆಯ ಆಚಾರ್ಯರು ನಮ್ಮ ಮನೆಯ ಹೆಂಗಸರು. ಪದವೀಧರನು ಅವರ ಬಳಿ ಒಂದು ಬೇಸಗೆ ಶಿಷ್ಯನಾಗಿ ಕುಳಿತರೆ ಅವನ ಪದವಿಗೇನೂ ಕುಂದಿಲ್ಲ. ಈ ಪಾನಕದ ಬೆಲೆಯನ್ನು ಅಚ್ಚು ಮಾಡಿದವರು ಬೇರೆ ಯಾರೂ ಇಲ್ಲ. ತಾನೇ ಲೆಕ್ಕ ಹಾಕಿ, ತಾನೇ ಹಲಗೆಯ ಮೇಲೆ ಬರೆದು, ಅದಕ್ಕೇ ಮಾರಬಹುದು. ಅದರ ಪಕ್ಕದಲ್ಲಿ ಸೊಗದೆಬೇರಿನ ಶರಬತ್ತು, ಒಗ್ಗರಣೆಯ ಮಜ್ಜಿಗೆ, ಎಳನೀರು. ಗೋಲಿಸೋಡ ಬೇಕೆಂದರೆ ಅದನ್ನೂ ಇಡಲಿ. ಒಳಗಿನ ವಾಯುವಿನ ಒತ್ತಡವೇ ಗೋಲಿಯನ್ನು ಬಾಯಿಯ ರಬ್ಬರು ಬಳೆಗೆ ಒತ್ತಿ ಮುಚ್ಚುವ ಆ ಸೀಸೆಯು 1872ರಲ್ಲಿ ಹೈರಂ ಕಾಡ್ ಎಂಬ ಆಂಗ್ಲನು ಕಲ್ಪಿಸಿದ್ದೆಂಬುದನ್ನು ನಮ್ಮ ಹುಡುಗರು ಬಲ್ಲರೋ ಇಲ್ಲವೋ! ಭೌತಶಾಸ್ತ್ರದ ಒಂದು ಪಾಠವೇ ಅದರ ಕೊರಳಿನಲ್ಲಿದೆ.

ತಂಪಿನ ವಿಷಯಕ್ಕೆ ಬಂದರೆ ವಿದ್ಯೆ ಇನ್ನೂ ಹೆಚ್ಚು ಬೇಕು. ಮಣ್ಣಿನ ಹೂಜಿಯೇ ಸಾಕೆಂದು ಹಿರಿಯರು ಹೇಳುವುದುಂಟು. ಸೂಕ್ಷ್ಮರಂಧ್ರಗಳಿಂದ ಒಸರಿದ ನೀರು ಆವಿಯಾಗುವಾಗ ಶಾಖವನ್ನು ಕೊಂಡೊಯ್ಯುವುದರಿಂದ ಹೂಜಿ ತಣ್ಣಗಾಗುತ್ತದೆ. ವಿಜಯಪುರದ ಒಣಗಾಳಿಯಲ್ಲಿ ಇದು ಸೊಗಸಾಗಿ ನಡೆಯುತ್ತದೆ. ಕಡಲತಡಿಯ ಗಾಳಿ ಮೊದಲೇ ತೇವದಿಂದ ತುಂಬಿರುವುದರಿಂದ ಅಲ್ಲಿ ಆವಿಯಾಗುವುದು ನಿಧಾನ, ತಂಪೂ ಅಷ್ಟಕ್ಕಷ್ಟೆ. ಆದುದರಿಂದ ಮಂಜುಗಡ್ಡೆ ಬೇಕು. ಎಂಥ ಮಂಜುಗಡ್ಡೆ? ನಮ್ಮ ಬಂದರುಗಳಲ್ಲಿ ಅಗ್ಗವಾಗಿ ಸಿಕ್ಕುವ ದೊಡ್ಡ ದಿಮ್ಮಿಗಳು ಮೀನನ್ನು ಕಾಪಾಡಲು ಮಾಡಿದವು, ಮನುಷ್ಯನ ಹೊಟ್ಟೆಗೆ ಮಾಡಿದವಲ್ಲ. ಈ ಭೇದ ಕಣ್ಣಿಗೆ ಕಾಣಲೆಂದೇ 2018ರಲ್ಲಿ ಮಹಾರಾಷ್ಟ್ರದಲ್ಲಿ ತಿನ್ನಲು ತಕ್ಕುದಲ್ಲದ ಮಂಜುಗಡ್ಡೆಗೆ ನೀಲಿ ಬಣ್ಣ ಬೆರೆಸಬೇಕೆಂದು ಆಜ್ಞೆಯಾಯಿತು. ಅಗ್ಗದ ದಿಮ್ಮಿಯನ್ನು ಒಡೆದು ಲೋಟಕ್ಕೆ ಹಾಕುವವನನ್ನು ನಾನು ಸಮರ್ಥಿಸುವವನಲ್ಲ; ಅಂಥವನ ಗಾಡಿ ಮುಚ್ಚಲಿ. ಆದರೆ ಲೋಟದೊಳಕ್ಕೆ ಹಾಕುವ ಹಿಮಕ್ಕೂ ಪಾತ್ರೆಯ ಹೊರಗೆ ಸುತ್ತಿಡುವ ಹಿಮಕ್ಕೂ ಇರುವ ಅಂತರವನ್ನು ಅರಿತು ನಡೆಯಲು ಓದಿದವನಿಗಿಂತ ತಕ್ಕವನು ಯಾರು? 2022ರ ಜುಲೈ 1ರಿಂದ ದೇಶದಲ್ಲೆಲ್ಲ ಪ್ಲಾಸ್ಟಿಕ್ಕಿನ ಲೋಟ, ಹೀರುನಳಿಗೆಗಳು ನಿಷಿದ್ಧವಾದುವು. ಗಾಜಿನ ಲೋಟವಾದರೆ ತೊಳೆಯಲು ಸಿಹಿನೀರನ್ನು ಮನೆಯಿಂದಲೇ ಹೊತ್ತು ತರಬೇಕು, ಕಡಲಿನ ಬದಿಯಲ್ಲಿ ನಿಂತವನಿಗೆ ನೀರಿನದೇ ಬರಗಾಲ. ಇದೂ ಒಂದು ಲೆಕ್ಕ.

ಇನ್ನೊಂದು ಮಾತು ನನಗೆ ಹೆಚ್ಚು ಕಳವಳವನ್ನುಂಟುಮಾಡಿದೆ. 2020ರಲ್ಲಿ ನಮ್ಮ ಹೊನ್ನಾವರದ ಕಾಸರಕೋಡಿಗೂ ಉಡುಪಿ ಜಿಲ್ಲೆಯ ಪಡುಬಿದ್ರಿಗೂ ನೀಲಿಧ್ವಜದ ಮನ್ನಣೆ ದೊರೆತಾಗ ನಾವೆಲ್ಲ ಹಿಗ್ಗಿದೆವು. ಹಿಗ್ಗಬೇಕಾದುದೇ. ಆದರೆ ಎಲ್ಲಿಯೇ ತೀರದ ಸೌಂದರ್ಯದ ಮಾತು ಬಂದರೂ ಮೊದಲು ಗಾಡಿಯವರನ್ನು ತೆಗೆಯಿರಿ, ಮಾರುವ ಹಕ್ಕನ್ನೆಲ್ಲ ಹರಾಜಿನಲ್ಲಿ ಒಬ್ಬನಿಗೆ ಕೊಡಿರಿ ಎಂಬ ಸಲಹೆ ಹೊರಡುತ್ತದೆ. ಸಲಹೆಗೆ ತಲೆದೂಗುವವರು ಮತ್ತೆ ನಾವೇ, ಓದಿದವರೇ. ಮಗನನ್ನು ಗಾಡಿಗೆ ಕಳಿಸಲೊಲ್ಲದ ಅನಾದರ ಹಾಗೂ ನೆರೆಯವನ ಗಾಡಿಯನ್ನು ಎತ್ತಿಸುವ ಅನಾದರ ಎರಡಲ್ಲ, ಒಂದೇ. ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸಲೆಂದು 2014ರಲ್ಲಿ ಕೇಂದ್ರ ಸರಕಾರದ ಕಾಯಿದೆಯಾಗಿದೆ. ಪಟ್ಟಣದ ಮಾರಾಟ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಮೆಯಿಲ್ಲದ ಸ್ಥಾನಗಳು ವ್ಯಾಪಾರಿಗಳವೇ ಆಗಿರಬೇಕು, ಸಮೀಕ್ಷೆ ಮುಗಿಯುವ ಮೊದಲು ಯಾರನ್ನೂ ಎಬ್ಬಿಸಬಾರದು ಎಂದು ಅದರಲ್ಲಿ ಹೇಳಿದೆ. ಆ ಕಾಯಿದೆ ನಗರಗಳ ಎಲ್ಲೆಯೊಳಗಿನದು. ನಮ್ಮ ತೀರಗಳಲ್ಲಿ ಎಷ್ಟೋ ಭಾಗ ಗ್ರಾಮಪಂಚಾಯತಿಗಳಿಗೆ ಸೇರಿದುವು. ಹಾಗಿರುವಾಗ ಗಾಡಿಯವನ ಪರವಾಗಿ ಅರ್ಜಿ ಬರೆಯಬಲ್ಲವರು ಊರಿನಲ್ಲಿ ಬೇಕು. ಅರ್ಜಿ ಬರೆಯಬಲ್ಲ ಹುಡುಗನು ಗಾಡಿಯ ಹಿಂದೆಯೇ ನಿಂತಿದ್ದರೆ ಮತ್ತೂ ಲೇಸು.

ಬಂಡವಾಳದ ಮಾತನ್ನು ಬೆಳೆಸುವುದಿಲ್ಲ. 2020ರಲ್ಲಿ ಬೀದಿ ವ್ಯಾಪಾರಿಗಳಿಗೆಂದು ಸ್ವನಿಧಿ ಯೋಜನೆ ಹೊರಟಾಗ ಜಾಮೀನಿಲ್ಲದೆ ಕೊಡುತ್ತಿದ್ದ ಮೊದಲ ಸಾಲ 10,000 ರೂಪಾಯಿ. ಪರೀಕ್ಷಾ ತರಬೇತಿಯ ಮನೆಗಳಿಗೆ ನಾವು ತೆರುವ ಹಣವನ್ನು ಇದರ ಪಕ್ಕದಲ್ಲಿಟ್ಟು ಹಿರಿಯರೇ ನೋಡಲಿ.

ಮಳೆಗಾಲದಲ್ಲಿ ತೀರಕ್ಕೆ ಜನವಿಲ್ಲ. ವ್ಯಾಪಾರವೇನಿದ್ದರೂ ಅಕ್ಟೋಬರದಿಂದ ಮೇ ತಿಂಗಳವರೆಗೆ. ಅಕ್ಟೋಬರದಲ್ಲಿ ಗಾಡಿ ನಿಲ್ಲಬೇಕಾದರೆ ಅದರ ಹಿಂದಿನ ಬೇಸಗೆಯಲ್ಲಿ ಭರಣಿಗಳು ಅಂಗಳದ ಬಿಸಿಲನ್ನು ಕಾಣಬೇಕು. ಅಂಗಳವು ಹಿರಿಯರದು. ಬರುವ ಬೇಸಗೆಯಲ್ಲಿ ಅದನ್ನು ಹುಡುಗರಿಗೆ ಬಿಟ್ಟುಕೊಡಲೊಪ್ಪದವರು ತಮ್ಮ ಕಾರಣಗಳನ್ನು ಈ ಪತ್ರಿಕೆಗೇ ಬರೆದು ಕಳಿಸಲಿ. ಮನುವನ್ನು ಮತ್ತೆ ಕರೆಯುವುದಾದರೆ ಪಟ್ಟಿಯನ್ನು ಪೂರ್ತಿ ಓದಿಕೊಂಡು ಬರೆಯಲಿ.